ಮಾಶಾಬಿ ಸುತ್ತಿದ ಕಾಯಿಲ್

ಕುಷ್ಟಗಿಯಲ್ಲಿ ನಾಲ್ಕು ದಾರಿ ಕೂಡುವ ಕಡೆ ಬಾಬಾಸಾಬನ ರಿಪೇರಿ ಅಂಗಡಿ ಇತ್ತು. ತಗಡಿನ ಸೂರು, ಎದುರಿಗೊಂದು ಬೇವಿನ ಮರ, ಅದರ ನೆರಳಿನಲ್ಲಿ ಬಾಯಿ ತೆರೆದುಕೊಂಡು ನಿಂತ ಯಾವುದಾದರೊಂದು ಸರ್ವಿಸ್ ಮೋಟಾರು. ಗಂಗಾವತಿ, ಯಲಬುರ್ಗಾ, ಲಿಂಗಸುಗೂರು ಕಡೆಯ ಡ್ರೈವರುಗಳೆಲ್ಲ ಅವನನ್ನು ಬಲ್ಲರು. ಎಂಜಿನ್ನಿಗೆ ಕಿಡಿ ಕೊಡುವ ಕಾಯಿಲ್ ಸುಟ್ಟಿತೆಂದರೆ ಬಿಚ್ಚಿ ಅವನ ಹತ್ತಿರ ಬಿಟ್ಟು ಹೋಗುವರು. ನಾಲ್ಕು ದಿನ ಬಿಟ್ಟು ಬಂದರೆ ಅದು ಹೊಸದರ ಹಾಗೆ ಕಿಡಿ ಕಾರುತ್ತಿತ್ತು. "ಬಾಬಾಸಾಬನ ಕೈಯಾಗ ಏನೋ ಐತಿ ನೋಡಪ" ಎಂದು ಅವರು ಹೊಗಳಿದರೆ ಬಾಬಾಸಾಬ ಅರಿವೆಗೆ ಕೈ ಒರೆಸಿಕೊಳ್ಳುತ್ತಿದ್ದ.

ಆ ಕಾಯಿಲ್‌ಗಳನ್ನು ಸುತ್ತುತ್ತಿದ್ದವಳು ಅವನ ಹೆಂಡತಿ ಮಾಶಾಬಿ.

ಮಾಶಾಬಿಯ ತವರು ದೋಟಿಹಾಳ. ಅವಳ ಅಪ್ಪ ಸೀರೆ ನೇಯುವವರಿಗೆ ರೇಷ್ಮೆ ನೂಲನ್ನು ಹುರಿ ಹಾಕಿ ಕೊಡುತ್ತಿದ್ದ. ಮಾತು ಬರುವ ಮೊದಲೇ ಅವಳಿಗೆ ರಾಟೆಯ ಸಪ್ಪಳ ಗೊತ್ತು. ಎಂಟು ವರ್ಷಕ್ಕೆಲ್ಲ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ನೂಲು ಎಲ್ಲಿ ದಪ್ಪ, ಎಲ್ಲಿ ಸಣ್ಣ, ಎಲ್ಲಿ ಇನ್ನೇನು ಹರಿಯುತ್ತದೆ ಎನ್ನುವುದು ಅವಳ ತೋರುಬೆರಳಿಗೆ ಮೊದಲು ತಿಳಿಯುತ್ತಿತ್ತು, ಆಮೇಲೆ ಕಣ್ಣಿಗೆ. ಸಾವಿರದ ಒಂಬೈನೂರ ಮೂವತ್ತನಾಲ್ಕರಲ್ಲಿ ಮದುವೆಯಾಗಿ ಕುಷ್ಟಗಿಗೆ ಬಂದಾಗ ರಾಟೆಯನ್ನು ತವರಿನಲ್ಲೇ ಬಿಟ್ಟು ಬಂದಿದ್ದಳು. ಮೋಟಾರು ರಿಪೇರಿಯ ಮನೆಯಲ್ಲಿ ಅದರ ಕೆಲಸವೇನು?

ಕೆಲಸ ಬಂತು. ಯುರೋಪಿನಲ್ಲಿ ಯುದ್ಧ ಶುರುವಾಗಿ ಮುಂಬೈಯಿಂದ ಮೋಟಾರಿನ ಸಾಮಾನು ಬರುವುದು ನಿಂತುಹೋಯಿತು. ಸುಟ್ಟ ಕಾಯಿಲ್‌ಗೆ ಬದಲಿ ಕಾಯಿಲ್ ಸಿಗದು. ಬಾಬಾಸಾಬ ಒಂದನ್ನು ಬಿಚ್ಚಿ ತಾನೇ ಸುತ್ತಲು ಕೂತ. ಒಳಗಿನ ತಂತಿ ತಲೆಗೂದಲಿನಷ್ಟು ಸಣ್ಣದು, ಸಾವಿರಾರು ಸುತ್ತು. ಅವನ ಕೈಗೆ ಸ್ಪ್ಯಾನರು ಒಗ್ಗಿತ್ತೇ ಹೊರತು ಕೂದಲಲ್ಲ. ಇನ್ನೂರು ಸುತ್ತು ಹೋಗುವಷ್ಟರಲ್ಲಿ ತಂತಿ ಪಟ್ಟನೆ ಹರಿಯುತ್ತಿತ್ತು. ಮೂರನೆಯ ದಿನ ಅವನು ಸಿಟ್ಟಿನಿಂದ ಎಲ್ಲವನ್ನೂ ಮೂಲೆಗೆ ಎಸೆದು ಊಟಕ್ಕೆ ಕೂತ.

ರೊಟ್ಟಿ ಬಡಿಸುತ್ತ ಮಾಶಾಬಿ ಆ ತಂತಿಯ ತುದಿಯನ್ನು ಬೆರಳಿಗೆ ಸುತ್ತಿ ನೋಡಿದಳು. "ಇದು ನಮ್ಮ ರೇಷ್ಮಿಗಿಂತ ಗಟ್ಟಿ ಐತಲ್ರೀ" ಎಂದಳು.

ಮರುವಾರ ರಾಟೆ ದೋಟಿಹಾಳದಿಂದ ಬಂತು. ಅಡಿಗೆಮನೆಯ ಕಿಟಕಿಯ ಬೆಳಕಿಗೆ ಅದನ್ನಿಟ್ಟುಕೊಂಡು ಅವಳು ಸುತ್ತತೊಡಗಿದಳು. ನೂರು ಸುತ್ತಿಗೊಂದು ಹುಣಸೆಬೀಜವನ್ನು ಬಟ್ಟಲಿಗೆ ಹಾಕುವುದು ಅವಳ ಎಣಿಕೆ. ಸಾಲಿಗೊಂದು ತೆಳು ಕಾಗದ, ಮತ್ತೆ ಸುತ್ತು, ಕೊನೆಗೆ ಬಿಸಿ ಜೇನುಮೇಣದಲ್ಲಿ ಅದ್ದಿ ಎತ್ತುವುದು. ಆ ಮೊದಲ ಕಾಯಿಲ್ ಹಾಕಿಕೊಂಡ ಮೋಟಾರು ನಾಲ್ಕು ವರ್ಷ ಓಡಿತು. ಹೆಂಡತಿ ಸುತ್ತುತ್ತಾಳೆಂದು ಬಾಬಾಸಾಬ ಯಾರಿಗೂ ಹೇಳಲಿಲ್ಲ. ಮುಚ್ಚಿಡಬೇಕೆಂದೇನೂ ಅಲ್ಲ, ಮೊದಲ ಸಲ ಹೇಳದೆ ಬಿಟ್ಟದ್ದನ್ನು ಆಮೇಲೆ ಹೇಗೆ ಹೇಳುವುದು ಎಂಬುದೇ ಅವನಿಗೆ ತೊಡಕಾಗಿತ್ತು. ಮಾಶಾಬಿಯೂ ಕೇಳಲಿಲ್ಲ. ಒಮ್ಮೊಮ್ಮೆ ಮನೆಯ ಮುಂದೆ ಗಾಡಿಯೊಂದು ಹಾದುಹೋದಾಗ ಸಪ್ಪಳ ಕೇಳಿ, ಇದು ನನ್ನದು ಎಂದುಕೊಳ್ಳುತ್ತಿದ್ದಳು, ಅಷ್ಟೇ.

ನಲವತ್ತೇಳರ ದೀಪಾವಳಿಯ ಹೊತ್ತಿಗೆ ಬಾಬಾಸಾಬ ಗಜೇಂದ್ರಗಡದಿಂದ ಒಂದು ವಿಚಿತ್ರ ಸಾಮಾನು ತಂದ. ಅಲ್ಲಿಯ ಅರಳೆ ಮಿಲ್ಲಿನಲ್ಲಿ ಎಂಜಿನ್ ನೋಡಿಕೊಳ್ಳುವ ದೇವೇಂದ್ರಪ್ಪ ಅವನಿಗೆ ಹಳೆಯ ಗೆಳೆಯ. ಯುದ್ಧ ಮುಗಿದು ಊರಿಗೆ ಹೊರಟಿದ್ದ ಅಮೆರಿಕದ ಸಿಪಾಯಿಯೊಬ್ಬ ಪುಣೆಯಲ್ಲಿ ದೇವೇಂದ್ರಪ್ಪನಿಗೆ ಅದನ್ನು ಕೊಟ್ಟು ಹೋಗಿದ್ದನಂತೆ. ಅಂಗೈ ಮೇಲೆ ಕೂಡುವಷ್ಟು ಸಣ್ಣ ಪೆಟ್ರೋಲ್ ಎಂಜಿನ್. ಸಿಲಿಂಡರು, ಪಿಸ್ಟನ್ನು, ಶೇಂಗಾಕಾಯಿಯಷ್ಟು ಪ್ಲಗ್ಗು, ಮುಂದೆ ಕಟ್ಟಿಗೆಯ ಪಂಖ, ಎಲ್ಲವೂ ಇದ್ದವು.

"ಇದು ಏನ್ ಮಾಡ್ತೈತಿ?" ಎಂದು ಮಾಶಾಬಿ ಕೇಳಿದಳು.

"ವಿಮಾನ ಹಾರಿಸ್ತೈತಿ. ಮಂದಿ ಕೂಡೋ ವಿಮಾನ ಅಲ್ಲ, ಒಂದು ಆಳುದ್ದದ ರೆಕ್ಕಿ ಇರೋ ಆಟದ ವಿಮಾನ. ದೇವೇಂದ್ರಪ್ಪ ಬಿದಿರಿನ್ಯಾಗ ಕಟ್ಟಿ ಇಟ್ಟಾನ, ಮ್ಯಾಲೆ ಪತಂಗದ ಕಾಗದ ಹಚ್ಯಾನ. ಎಂಜಿನ್ ಮಾತ್ರ ಚಾಲೂ ಆಗವಲ್ದು. ಕಾಯಿಲ್ ಸುಟ್ಟೈತಿ."

ಬಸ್ಸಿನ ಎಂಜಿನ್ನಿಗೆ ಹೇಗೋ ಇದಕ್ಕೂ ಹಾಗೆಯೇ. ಬ್ಯಾಟರಿ ಸೆಲ್ಲಿನ ಅಲ್ಪ ಶಕ್ತಿಯನ್ನು ಕಾಯಿಲ್ ದೊಡ್ಡದು ಮಾಡಬೇಕು, ಆಗ ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರಿ ಪೆಟ್ರೋಲ್ ಹೊತ್ತಬೇಕು. ಆದರೆ ಬಸ್ಸಿನ ಕಾಯಿಲ್ ಸೇರುಗಟ್ಟಲೆ ತೂಗಿದರೂ ನಡೆಯುತ್ತದೆ. ಇದು ಗಾಳಿಯಲ್ಲಿ ಹಾರಬೇಕಾದದ್ದು. ಐದು ತೊಲೆ ಮೀರಬಾರದು ಎಂದು ದೇವೇಂದ್ರಪ್ಪ ಹೇಳಿ ಕಳಿಸಿದ್ದ. ಜೊತೆಗೆ ಪುಣೆಯಿಂದ ತಂದ ಸಣ್ಣ ತಂತಿಯ ಒಂದು ಉಂಡೆ.

ಮಾಶಾಬಿ ಆರು ವಾರ ಅದರ ಹಿಂದೆ ಬಿದ್ದಳು. ಮೊದಲನೆಯದು ಎಂಟು ತೊಲೆ ತೂಗಿತು. ಎರಡನೆಯದರಲ್ಲಿ ಎಲ್ಲೋ ಒಳಗೆ ತಂತಿ ಹರಿದು ಕಿಡಿಯೇ ಬರಲಿಲ್ಲ. ಮೂರನೆಯದು ಎಪ್ಪತ್ತು ಹುಣಸೆಬೀಜ, ಏಳು ಸಾವಿರ ಸುತ್ತು. ಗಾಳಿಪಟಕ್ಕೆ ಹಚ್ಚುವ ಪತಂಗದ ಕಾಗದಕ್ಕಿಂತಲೂ ತೆಳುವಾದ ಕಾಗದ ಹಾಕಿ ಸುತ್ತಿದ್ದು. ತೂಕ ಐದು ತೊಲೆಗೆ ಒಂದು ಗುಲಗಂಜಿ ಕಡಿಮೆ. ಸೆಲ್ಲಿಗೆ ಹಚ್ಚಿ ಬಿಟ್ಟಾಗ ತಂತಿಯ ಎರಡು ತುದಿಗಳ ನಡುವೆ ನೀಲಿ ಕಿಡಿ ಚಟ್ಟೆಂದು ಹಾರಿತು. ಒಲೆಯ ಮುಂದೆ ಕೂತಿದ್ದ ಅತ್ತೆ ಹಸನಬೀ, "ಯಾ ಅಲ್ಲಾ, ಮನಿ ಸುಟ್ಟೀಯವ್ವಾ!" ಎಂದು ಹೌಹಾರಿ ಎದ್ದಳು, ಆಮೇಲೆ ಇನ್ನೊಮ್ಮೆ ತೋರಿಸು ಎಂದಳು.

ಉಳಿದದ್ದನ್ನು ಬಾಬಾಸಾಬ ಮಾಡಿದ. ಕಿಡಿಯ ಜೋರು ಹೆಚ್ಚಿಸಿ, ಕರೆಂಟನ್ನು ಕೂಡಿಸಿ ಬಿಡಿಸುವ ಪಾಯಿಂಟು ಸುಡದ ಹಾಗೆ ಕಾಯುವ ಕಂಡೆನ್ಸರನ್ನು ತಗಡಿನ ಹಾಳೆ ಮತ್ತು ಮೇಣದ ಕಾಗದ ಮಡಚಿ ಅವಸರದಲ್ಲಿ ಕಟ್ಟಿದ. ವಿಮಾನ ಕಣ್ಣಿಗೆ ಕಾಣದಷ್ಟು ದೂರ ಹೋಗಬಾರದಲ್ಲ, ಅದಕ್ಕೊಂದು ಉಪಾಯ ಬೇಕಿತ್ತು. ಹಳೆಯ ಮೇಜಿನ ಗಡಿಯಾರದ ಚಕ್ರ ತೆಗೆದು, ಇಪ್ಪತ್ತೈದು ಸೆಕೆಂಡು ಆದಮೇಲೆ ತಂತಿಯನ್ನು ಬಿಡಿಸಿ ಕಿಡಿ ನಿಲ್ಲಿಸುವ ಒಂದು ಕೀಲು ಮಾಡಿದ. ಕಿಡಿ ನಿಂತರೆ ಎಂಜಿನ್ ನಿಲ್ಲುತ್ತದೆ, ಎಂಜಿನ್ ನಿಂತರೆ ವಿಮಾನ ಮೆಲ್ಲಗೆ ತೇಲಿ ಇಳಿಯುತ್ತದೆ. ಎಲ್ಲವನ್ನೂ ಒಂದು ಗೇಣುದ್ದದ ತೇಗದ ಹಲಗೆಗೆ ಬಿಗಿದ. ಹಿತ್ತಲಲ್ಲಿ ಎಂಜಿನ್ ಚಾಲೂ ಆದಾಗ ಅಕ್ಕಪಕ್ಕದ ನಾಯಿಗಳೆಲ್ಲ ಬೊಗಳಿದವು.

ನಲವತ್ತೆಂಟರ ಫೆಬ್ರುವರಿಯಲ್ಲಿ ಒಂದು ಬೆಳಿಗ್ಗೆ ಬಾಬಾಸಾಬ ಅದನ್ನು ಡಬ್ಬಿಯಲ್ಲಿಟ್ಟುಕೊಂಡು ಗಜೇಂದ್ರಗಡಕ್ಕೆ ಹೊರಟ. ಕಾಲ ಚೆನ್ನಾಗಿರಲಿಲ್ಲ. ಗಜೇಂದ್ರಗಡ ಆಗಲೇ ಸ್ವತಂತ್ರ ಹಿಂದುಸ್ತಾನದಲ್ಲಿತ್ತು, ಕುಷ್ಟಗಿ ಇನ್ನೂ ನಿಜಾಮರ ಸೀಮೆಯಲ್ಲಿ. ಗಡಿಯ ಆಚೆ ಈಚೆ ಗುಂಡಿನ ಸುದ್ದಿ, ಸುಟ್ಟ ಚೌಕಿಗಳ ಸುದ್ದಿ. "ಇನ್ನೊಂದೆರಡು ತಿಂಗಳು ತಡೀರಲ್ಲ" ಎಂದು ಮಾಶಾಬಿ ಹೇಳಿದ್ದಳು. "ಆಟದ ಸಾಮಾನಿಗೆ ಯಾರ್ ಏನಂತಾರ?" ಎಂದು ಅವನು ನಕ್ಕು ಹೋದ.

ಸಂಜೆ ಬಾಬಾಸಾಬ ಬರಲಿಲ್ಲ. ಅವನ ಬದಲು ಬಸ್ ಡ್ರೈವರ್ ಅಂದಪ್ಪ ಬಂದು ಬಾಗಿಲಲ್ಲಿ ನಿಂತ. ಅವನ ಬಸ್ಸು ಆ ದಿನಗಳಲ್ಲಿ ಗಡಿಯ ನಾಕಾದವರೆಗೆ ಹೋಗಿ ತಿರುಗುತ್ತಿತ್ತು.

"ಅಕ್ಕಾರ, ಗಾಬರಿ ಆಗಬ್ಯಾಡ್ರಿ. ನಾಕಾದಾಗ ಬಾಬಾಸಾಬನ್ನ ಹಿಡಿದು ಕೂಡ್ರಿಸ್ಯಾರ."

"ಯಾಕ್ರಿ? ಏನ್ ಮಾಡ್ಯಾರ ಅವರು?"

"ಡಬ್ಬಿ ತಗದು ನೋಡ್ಯಾರ. ಸೆಲ್ಲು, ತಂತಿ, ಪೆಟ್ರೋಲಿನ ವಾಸನಿ. ಮ್ಯಾಲೆ ಅಲುಗಿದ್ದಕ್ಕ ಗಡಿಯಾರ ಟಕ್ ಟಕ್ ಅಂದೈತಿ. ಬಾಂಬ್ ಅಂತ ತಿಳಕೊಂಡು ಡಬ್ಬಿನ ನೀರಿನ ಬಾನ್ಯಾಗ ಮುಳುಗಿಸ್ಯಾರ."

ಹಸನಬೀ ಗೋಡೆಗೆ ಒರಗಿ ಕೂತುಬಿಟ್ಟಳು. ಮಾಶಾಬಿಗೆ ಮೊದಲು ಹೊಳೆದದ್ದು ಕಾಯಿಲ್ ನೆನೆಯಿತಲ್ಲ ಎಂಬುದು. ಆಮೇಲೆ, ಇಂಥ ಹೊತ್ತಿನಲ್ಲಿ ಕಾಯಿಲ್ ಚಿಂತೆ ಮಾಡಿದೆನಲ್ಲ ಎಂದು ತನ್ನ ಮೇಲೆಯೇ ಬೇಸರವಾಯಿತು.

"ನಾಕಾದ ಪೊಲೀಸ್ ಅಮೀನ ಸಾಹೇಬ್ರು ಕೆಟ್ಟವರಲ್ಲ" ಎಂದು ಅಂದಪ್ಪ ಮುಂದುವರಿಸಿದ. "'ಎಂಜಿನ್ ಅದ ಅಂದಿ, ತಿರುಗಿಸಿ ತೋರ್ಸು' ಅಂದ್ರು. ಬಾಬಾಸಾಬ ಒಣಗಿಸಿ ಎಷ್ಟೋ ತಿರುಗಿಸಿದ, ಕಿಡಿ ಬರ್ಲಿಲ್ಲ. ನಾಳೆ ಮಧ್ಯಾಹ್ನ ಜೀಪು ಬರ್ತೈತಂತ, ರಾಯಚೂರಿಗೆ ಒಯ್ತಾರಂತ. ನಿಮಗ ಒಂದು ಮಾತು ಹೇಳಂದಾನ. 'ಕಾಯಿಲ್ ನಾ ಸುತ್ತಿದ್ದಲ್ಲ, ಆಕಿನ ಬರಬೇಕು' ಅಂತ. ನಂಗೇನೂ ತಿಳೀಲಿಲ್ರಿ."

ಮಾಶಾಬಿ ಅತ್ತೆಯ ಮುಖ ನೋಡಿದಳು. ಅಷ್ಟು ವರ್ಷಗಳಲ್ಲಿ ಅವಳು ಗಂಡನಿಲ್ಲದೆ ಒಬ್ಬಳೇ ಬಸ್ಸು ಹತ್ತಿದ್ದಿಲ್ಲ. ಅದೂ ಪೊಲೀಸರ ನಾಕಾಕ್ಕೆ.

ಹಸನಬೀ ಸೆರಗಿನಿಂದ ಕಣ್ಣೊರೆಸಿಕೊಂಡು, "ನೀ ಹೋಗದಿದ್ರ ಯಾರ್ ಹೋಗ್ತಾರ? ಅದರ ಹೊಟ್ಟ್ಯಾಗ ಏನೈತಿ ಅಂತ ನಿನಗಷ್ಟ ಗೊತ್ತು" ಎಂದಳು. "ಮನಿ ನಾ ನೋಡ್ತೀನಿ."

ಮರುದಿನ ಮೊದಲ ಬಸ್ಸಿಗೆ ಮಾಶಾಬಿ ಹೊರಟಳು. ಗಂಟಿನಲ್ಲಿ ಉಳಿದ ತಂತಿ, ಒಂದಷ್ಟು ಮೇಣ, ಪತಂಗದ ಕಾಗದ, ಕತ್ತರಿ, ಗಂಡನಿಗೆ ನಾಲ್ಕು ರೊಟ್ಟಿ. ಅಂದಪ್ಪ ಅವಳನ್ನು ತನ್ನ ಹಿಂದಿನ ಸೀಟಿನಲ್ಲಿ ಕೂಡಿಸಿದ. ದಾರಿಯುದ್ದಕ್ಕೂ ಎರಡೂ ಕಡೆ ಕೊಯ್ಲಿಗೆ ಬಂದ ಬಿಳಿಜೋಳ. ಅವಳು ಏನನ್ನೂ ನೋಡಲಿಲ್ಲ. ಏಳು ಸಾವಿರ ಸುತ್ತನ್ನು ಮನಸ್ಸಿನಲ್ಲೇ ಹಿಂದುಮುಂದು ಬಿಚ್ಚುತ್ತಿದ್ದಳು. ಮೇಣ ಎಲ್ಲಾದರೂ ಬಿರುಕು ಬಿಟ್ಟಿತ್ತೇ? ಕೊನೆಯ ಸಾಲಿಗೆ ಎರಡು ಸಲ ಅದ್ದಿದ್ದೆನೋ ಒಂದೇ ಸಲವೋ? ತಪ್ಪು ತನ್ನದಾಗಿದ್ದರೆ ಗಂಡ ಜೈಲಿಗೆ ಹೋಗುವುದು ತನ್ನ ಕೈಯಿಂದಲೇ ಎಂದಾಗುತ್ತದೆ.

ನಾಕಾ ಎಂದರೆ ರಸ್ತೆಗೆ ಅಡ್ಡವಾದ ಒಂದು ಮರದ ಪಟ್ಟಿ, ಎರಡು ಕಲ್ಲುಗಂಬ, ಹೆಂಚಿನ ಒಂದು ಕೋಣೆ, ಎದುರಿಗೆ ಚಹಾದ ಗುಡಿಸಲು. ಬಾಬಾಸಾಬ ಕೋಣೆಯ ಕಟ್ಟೆಯ ಮೇಲೆ ಮೊಣಕಾಲು ತಬ್ಬಿಕೊಂಡು ಕೂತಿದ್ದ. ಯಾರೂ ಹೊಡೆದಿರಲಿಲ್ಲ, ಆದರೆ ಒಂದೇ ದಿನದಲ್ಲಿ ಮುಖ ಇಳಿದುಹೋಗಿತ್ತು. ಹೆಂಡತಿಯನ್ನು ನೋಡಿ ಎದ್ದು ನಿಂತ, ಮತ್ತೆ ಕೂತ.

ಅಮೀನ ಸಾಹೇಬರು ಬೀದರಿನ ಕಡೆಯವರು, ನರೆತ ಮೀಸೆ, ಮಾತಿನ ನಡುವೆ ಕೆಮ್ಮು. ಇಬ್ಬರು ಜವಾನರು ಬಂದೂಕು ಹಿಡಿದು ಅತ್ತಿತ್ತ ನಿಂತಿದ್ದರು. ತೇಗದ ಹಲಗೆಯನ್ನು ಐವತ್ತು ಹೆಜ್ಜೆ ಆಚೆ ಮರಳ ಚೀಲಗಳ ನಡುವೆ ಇಟ್ಟಿದ್ದರು.

"ನಿನ್ನ ಗಂಡ ಸುಳ್ಳು ಹೇಳ್ತಾನ ಅಂತ ನಾನು ಅನ್ನಲ್ಲ ಬೇಟಿ" ಎಂದರು ಅಮೀನರು. "ಆದ್ರ ಹೋದ ತಿಂಗಳ ಒಂದು ಚೌಕಿ ಹಾರಿಸ್ಯಾರ. ನಮ್ಮ ಇಬ್ಬರು ಹುಡುಗರು ಸತ್ತಾರ. ಇಲ್ಲಿ ನೋಡಿದ್ರ ಗಡಿಯಾರ ಐತಿ, ಪೆಟ್ರೋಲ್ ಐತಿ, ಹೋಗೂದು ಗಡಿ ಆಚೆ. ನೀನ ನನ್ನ ಜಾಗಾದಾಗ ಇದ್ರ ಏನ್ ಮಾಡ್ತಿದ್ದಿ?"

ಮಾಶಾಬಿ ಮರಳ ಚೀಲಗಳ ಕಡೆ ತಿರುಗಿದಳು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

"ನಾನು ಅದನ್ನ ನೋಡ್ಲಿರಿ?" ಎಂದಳು.

"ಹೆಣ್ಣುಮಗಳನ್ನ ಅದರ ಹತ್ರ ಬಿಡೂದಿಲ್ಲ ನಾನು."

"ಸಾಹೇಬ್ರ, ಅದನ್ನ ಆರು ವಾರ ನನ್ನ ಅಡಗಿಮನ್ಯಾಗ ಇಟ್ಕೊಂಡಿದ್ದೆ. ಒಲಿ ಬಾಜೂಕ."

ಒಬ್ಬ ಜವಾನ ನಗು ತಡೆಯಲಾಗದೆ ಮುಖ ಆಚೆ ತಿರುಗಿಸಿದ. ಅಮೀನರು ಹೋಗು ಎನ್ನುವಂತೆ ಕೈ ಮಾಡಿದರು.

ಮರಳ ಚೀಲಗಳ ನಡುವೆ ಕೂತು ಅವಳು ಮೊದಲು ಕಾಯಿಲ್ ಕೈಗೆತ್ತಿಕೊಂಡಳು. ಮೇಣದ ಮೇಲೆ ಬೆರಳು ಆಡಿಸಿದಳು. ನುಣುಪಾಗಿಯೇ ಇತ್ತು, ಎಲ್ಲೂ ಸೀಳಿಲ್ಲ. ಸೆಲ್ಲುಗಳು ನೀರು ಕುಡಿದು ಸತ್ತಿದ್ದವು. "ಒಂದು ಬ್ಯಾಟರಿ ಕೊಡ್ರಿ" ಎಂದು ಕೂಗಿದಾಗ ಅಮೀನರು ತಮ್ಮ ಟಾರ್ಚನ್ನೇ ಕಳಿಸಿದರು. ಅದರ ಎರಡು ಸೆಲ್ಲು ಹಚ್ಚಿ, ಪಂಖವನ್ನು ಮೆಲ್ಲಗೆ ಬೆರಳಿನಿಂದ ತಿರುಗಿಸಿ, ಪಾಯಿಂಟು ತೆರೆದು ಮುಚ್ಚುವುದನ್ನು ನೋಡಿದಳು. ಪ್ಲಗ್ಗಿನಲ್ಲಿ ಕಿಡಿ ಇಲ್ಲ. ಪಾಯಿಂಟಿನ ನಡುವೆ ಮಾತ್ರ ದಪ್ಪ ಹಳದಿ ಕಿಡಿ ಪಿಸ್ಸೆಂದಿತು.

ತಪ್ಪು ಕಾಯಿಲ್‌ನದಲ್ಲ. ಕಿಡಿ ಪ್ಲಗ್ಗಿಗೆ ಹೋಗದೆ ಪಾಯಿಂಟಿನಲ್ಲಿ ಪೋಲಾಗುತ್ತಿದೆ ಎಂದರೆ ಕೆಟ್ಟದ್ದು ಕಂಡೆನ್ಸರು. ಬಸ್ಸಿನ ಎಂಜಿನ್ನಿನಲ್ಲಿ ಹೀಗಾಗುವುದನ್ನು ಗಂಡ ಅಂಗಡಿಯಲ್ಲಿ ಎಷ್ಟು ಸಲ ತೋರಿಸಿರಲಿಲ್ಲ! ಕಂಡೆನ್ಸರನ್ನು ಬಿಚ್ಚಿದಳು. ಅಂಚಿಗೆ ಮೇಣ ಹತ್ತಿಸದೆ ಬಿಟ್ಟಿದ್ದರಿಂದ ಒಳಗಿನ ಕಾಗದವೆಲ್ಲ ನೆನೆದು ಗಂಜಿಯಾಗಿತ್ತು.

ಅಷ್ಟು ದೂರದಿಂದಲೇ ಗಂಡನಿಗೆ ಕೂಗಿ ಹೇಳಿದಳು. "ಕಾಯಿಲ್ ಛಲೋ ಐತ್ರಿ! ಕಂಡೆನ್ಸರ್ ಹೋಗೇತಿ!"

"ಅದನ್ನ ನಾ ಮಾಡಿದ್ದು" ಎಂದು ಬಾಬಾಸಾಬ ಯಾರಿಗೋ ಹೇಳುವ ಹಾಗೆ ಹೇಳಿದ.

ಹೊಸದು ಮಾಡಲು ಕಾಗದ ಇತ್ತು, ಮೇಣ ಇತ್ತು, ಲೋಹದ ತೆಳು ಹಾಳೆ ಇರಲಿಲ್ಲ. ಮಾಶಾಬಿ ಸುತ್ತಲೂ ನೋಡಿದಳು. ಚಹಾದ ಗುಡಿಸಲಿನ ಮುಂದೆ ಒಂದು ಖಾಲಿ ಚಹಾಪೆಟ್ಟಿಗೆ ಬಿದ್ದಿತ್ತು, ಒಳಮೈಗೆ ಹಚ್ಚಿದ ಬೆಳ್ಳಿಬಣ್ಣದ ಹಾಳೆ ಬಿಸಿಲಿಗೆ ಮಿಂಚುತ್ತಿತ್ತು. ಅವಳೇ ಎದ್ದು ಹೋಗಿ ಗುಡಿಸಲಿನವನನ್ನು ಕೇಳಿ ಅದನ್ನು ಸುಲಿದು ತಂದಳು. ಅವನ ಒಲೆಯ ಮೇಲೆಯೇ ಮೇಣ ಕರಗಿತು. ಪತಂಗದ ಕಾಗದವನ್ನು ಅದರಲ್ಲಿ ಅದ್ದಿ, ಒಂದು ಹಾಳೆ ಒಂದು ಕಾಗದ, ಮತ್ತೊಂದು ಹಾಳೆ ಮತ್ತೊಂದು ಕಾಗದ, ಹಾಳೆಗಳು ಒಂದಕ್ಕೊಂದು ತಾಗದ ಹಾಗೆ ಜೋಡಿಸುತ್ತ ಹೋದಳು. ಕೊನೆಗೆ ಬಿಗಿಯಾಗಿ ಒತ್ತಿ, ನಾಲ್ಕೂ ಅಂಚಿಗೆ ಮೇಣ ಹೊಯ್ದಳು. ಅಮೀನರು ಅಷ್ಟರಲ್ಲಿ ಒಂದೊಂದೇ ಹೆಜ್ಜೆ ಹತ್ತಿರ ಬಂದು ಬೆನ್ನ ಹಿಂದೆಯೇ ನಿಂತಿದ್ದರು.

"ಇದನ್ನ ಯಾರು ಕಲಿಸಿದ್ರು ನಿನಗ?"

"ಕಂಡೆನ್ಸರ್ ಅವರ ಕಲಿಸಿದ್ರು. ಸುತ್ತೂದು ನಮ್ಮಪ್ಪ ಕಲಿಸಿದ್ದ. ರೇಷ್ಮಿ ನೂಲಿನ್ಯಾಗ."

ಈ ಸಲ ಪಂಖ ತಿರುಗಿಸಿದಾಗ ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರಿತು. ಸಣ್ಣದು, ನೀಲಿ, ಚುರುಕು. ಮಾಶಾಬಿ ಬಾಯಿಗೆ ಸೆರಗು ಒತ್ತಿಕೊಂಡಳು.

ಎಂಜಿನ್ ಹತ್ತಿರ ಹೋಗಲು ಬಾಬಾಸಾಬನನ್ನೂ ಬಿಟ್ಟರು. ಗಂಡ ಹೆಂಡತಿ ಸೇರಿ ಹಲಗೆಯನ್ನು ಕಲ್ಲುಗಂಬಕ್ಕೆ ಹಗ್ಗದಿಂದ ಬಿಗಿದರು. ಅಂದಪ್ಪ ಬಸ್ಸಿನಿಂದ ಒಂದು ಬಟ್ಟಲು ಪೆಟ್ರೋಲನ್ನೂ ಅದಕ್ಕೆ ಬೆರೆಸಲು ಎಂಜಿನ್ ಎಣ್ಣೆಯನ್ನೂ ತಂದ. ಬಾಬಾಸಾಬ ಗಡಿಯಾರದ ಕೀಲನ್ನು ಬಿಸಿಲಿಗೆ ಹಿಡಿದು ಒಣಗಿಸಿ ಎರಡು ಹನಿ ಎಣ್ಣೆ ಬಿಟ್ಟ.

"ಗಡಿಯಾರ ಬ್ಯಾಡ" ಎಂದರು ಅಮೀನರು ತಟ್ಟನೆ.

"ಗಡಿಯಾರ ಬೇಕ ಬೇಕ್ರಿ ಸಾಹೇಬ್ರ" ಎಂದಳು ಮಾಶಾಬಿ. "ನಿಮಗ ಅಂಜಿಕಿ ಇರೂದು ಅದರ ಮ್ಯಾಲ. ಅದು ಏನ್ ಮಾಡ್ತೈತಿ ಅಂತ ನೋಡದ ಹ್ಯಾಂಗ ಬಿಡ್ತೀರಿ?"

ಅಮೀನರು ಜವಾನರನ್ನು ಕರೆದುಕೊಂಡು ಕೋಣೆಯ ಗೋಡೆಯ ಹಿಂದೆ ನಿಂತರು. ಬಸ್ಸಿನಲ್ಲಿ ಬಂದವರೆಲ್ಲ ಚಹಾದ ಗುಡಿಸಲಿನ ಹಿಂದೆ ಕುಕ್ಕರಗಾಲಿನಲ್ಲಿ ಕೂತರು. ಕಂಬದ ಹತ್ತಿರ ಗಂಡ ಹೆಂಡತಿ ಇಬ್ಬರೇ. ಬಾಬಾಸಾಬ ಗಡಿಯಾರಕ್ಕೆ ಕೀಲಿ ಕೊಟ್ಟು ಪಂಖಕ್ಕೆ ಬೆರಳು ಹಚ್ಚಿದ. ಅವಸರದಲ್ಲಿ ಬೆರಳು ಜಾರಿತು.

"ಸಾವಕಾಶ" ಎಂದಳು ಅವಳು.

ಒಂದು ಸಲ ತಿರುಗಿಸಿದ. ಎರಡು. ಮೂರನೆಯ ಸಲ ಎಂಜಿನ್ ಒಮ್ಮೆ ಸೀನಿ ಸುಮ್ಮನಾಯಿತು. ನಾಲ್ಕನೆಯ ಸಲಕ್ಕೆ ಚಾಲೂ ಆಯಿತು. ಅಷ್ಟು ಸಣ್ಣ ವಸ್ತು ಅಷ್ಟು ಗದ್ದಲ ಮಾಡುತ್ತದೆಂದು ಅಲ್ಲಿದ್ದ ಯಾರೂ ಎಣಿಸಿರಲಿಲ್ಲ. ಪಂಖ ಕಣ್ಣಿಗೆ ಕಾಣದ ಹಾಗೆ ತಿರುಗಿತು, ಧೂಳೆದ್ದು ಮಾಶಾಬಿಯ ಸೆರಗು ಹಿಂದಕ್ಕೆ ಹಾರಿತು, ಕಂಬದ ಮೇಲಿನ ಅಡ್ಡಪಟ್ಟಿ ಗಡಗಡ ನಡುಗಿತು. ಎತ್ತಿನ ಗಾಡಿಯೊಂದು ಬಂದ ದಾರಿಯಲ್ಲೇ ತಿರುಗಿ ಓಡಿತು. ಗಡಿಯಾರದ ಟಕ್ ಟಕ್ ಆ ಗದ್ದಲದಲ್ಲಿ ಮುಳುಗಿಹೋಗಿತ್ತು. ಮಾಶಾಬಿ ಮನಸ್ಸಿನಲ್ಲೇ ಎಣಿಸುತ್ತಿದ್ದಳು. ಇಪ್ಪತ್ತು. ಇಪ್ಪತ್ತೊಂದು. ಗೋಡೆಯ ಅಂಚಿನಿಂದ ಅಮೀನರ ಒಂದು ಕಣ್ಣು, ಅರ್ಧ ಮೀಸೆ ಕಾಣುತ್ತಿತ್ತು. ಇಪ್ಪತ್ತನಾಲ್ಕು.

ಎಂಜಿನ್ ನಿಂತಿತು.

ಪಂಖ ಎರಡು ಸುತ್ತು ತಾನಾಗಿ ತಿರುಗಿ ಸುಮ್ಮನಾಯಿತು. ಏನೂ ಸಿಡಿಯಲಿಲ್ಲ. ಎಲ್ಲೋ ಹೊಲದಲ್ಲಿ ಹಕ್ಕಿ ಓಡಿಸುವವರ ಕೂಗು ಕೇಳಿಸಿತು.

"ಮುಂದ?" ಎಂದು ಅಮೀನರು ಗೋಡೆಯ ಹಿಂದಿನಿಂದ ಕೇಳಿದರು.

"ಮುಂದ ಏನಿಲ್ರಿ" ಎಂದ ಬಾಬಾಸಾಬ. "ಅದರ ಕೆಲಸ ಇಷ್ಟ. ನಿಲ್ಸೂದು."

ಅಮೀನರು ಹೊರಗೆ ಬಂದರು. ಕಂಬದ ಹತ್ತಿರ ಬಂದು, ಬಗ್ಗಿ, ಬೆಚ್ಚಗಿನ ಸಿಲಿಂಡರನ್ನು ಬೆರಳ ತುದಿಯಿಂದ ಮುಟ್ಟಿ ಚಟ್ಟನೆ ಕೈ ಹಿಂದೆ ತೆಗೆದರು. ಆಮೇಲೆ ನಗಲು ಶುರುಮಾಡಿದರು. ನಗು ಕೆಮ್ಮಾಯಿತು, ಕೆಮ್ಮು ಮತ್ತೆ ನಗುವಾಯಿತು, ಕಣ್ಣಲ್ಲಿ ನೀರು ಬಂತು. ಜವಾನರು ನಕ್ಕರು. ಗುಡಿಸಲಿನ ಹಿಂದಿನಿಂದ ಎದ್ದು ಬಂದವರೂ ಏಕೆಂದು ತಿಳಿಯದೆಯೇ ನಕ್ಕರು. ನಿನ್ನೆಯಿಂದ ಅಮೀನರು ಎಷ್ಟು ಹೆದರಿದ್ದರೆಂದು ಮಾಶಾಬಿಗೆ ಆಗ ತಿಳಿಯಿತು.

"ಇನ್ನೊಮ್ಮೆ ಚಾಲೂ ಮಾಡು" ಎಂದರು ಅಮೀನರು. ಮತ್ತೊಮ್ಮೆ ಚಾಲೂ ಮಾಡಿದರು. ಈ ಸಲ ಯಾರೂ ಗೋಡೆಯ ಹಿಂದೆ ಹೋಗಲಿಲ್ಲ.

ಮಧ್ಯಾಹ್ನ ಜೀಪು ಬಂದಾಗ ಅಮೀನರು ಒಂದು ಕಾಗದ ಬರೆದು ಕಳಿಸಿದರು: ಆಟದ ಎಂಜಿನ್, ತನಿಖೆ ಮಾಡಲಾಗಿದೆ, ದೋಷವಿಲ್ಲ. ಬಾಬಾಸಾಬನಿಗೆ ಮಾತ್ರ, "ಆಚೆ ಹೋಗಬ್ಯಾಡ. ನಾನು ಬಿಟ್ಟೆ ಅಂತ ಇನ್ನೊಬ್ಬ ಬಿಡೂದಿಲ್ಲ. ದಿನ ಸುಧಾರಿಸಲಿ, ಆಮ್ಯಾಲೆ ನಿನ್ನ ಗೆಳೆಯಾಗ ಕೊಡು" ಎಂದರು. ಮಾಶಾಬಿಗೆ ಟಾರ್ಚಿನ ಸೆಲ್ಲುಗಳನ್ನು ಬಿಟ್ಟುಕೊಟ್ಟರು.

ಹೊರಡುವ ಮೊದಲು ಅಂದಪ್ಪ ಬಾಬಾಸಾಬನನ್ನು ಕೇಳಿದ. "ಹಂಗಾರ ನನ್ನ ಬಸ್ಸಿನ ಕಾಯಿಲ್?"

"ಅದೂ ಆಕೀನ ಸುತ್ತಿದ್ದು. ಎಲ್ಲಾ ಆಕೀನ" ಎಂದ ಬಾಬಾಸಾಬ. ಎಲ್ಲರ ಎದುರು, ಗಟ್ಟಿಯಾಗಿಯೇ ಹೇಳಿದ. ಹೇಳಿದ ಮೇಲೆ ಕೈ ಒರೆಸಿಕೊಳ್ಳಲಿಲ್ಲ.

ಬಸ್ಸು ತಿರುಗಿತು. ಗಂಡ ಹೆಂಡತಿ ಒಂದೇ ಸೀಟಿನಲ್ಲಿ ಕೂತು, ಬೆಳಿಗ್ಗೆ ಕಟ್ಟಿದ ರೊಟ್ಟಿ ತಿಂದರು. ಬರುವಾಗ ನೋಡದೆ ಬಿಟ್ಟ ಜೋಳದ ಹೊಲಗಳನ್ನು ಮಾಶಾಬಿ ಈಗ ಕಣ್ತುಂಬ ನೋಡಿದಳು. ಅರ್ಧ ದಾರಿಯಲ್ಲಿ ಬಾಬಾಸಾಬ ಅವಳ ಭುಜಕ್ಕೆ ತಲೆಯಿಟ್ಟು ನಿದ್ದೆ ಹೋದ. ಬಸ್ಸಿನ ತುಂಬ ಜನ ಇದ್ದರೂ ಅವಳು ಅವನನ್ನು ಎಬ್ಬಿಸಲಿಲ್ಲ.

ಸೆಪ್ಟೆಂಬರಿನಲ್ಲಿ ನಿಜಾಮರ ರಾಜ್ಯ ಮುಗಿಯಿತು, ಮೆಲ್ಲಗೆ ನಾಕಾದ ಅಡ್ಡಪಟ್ಟಿಯೂ ಹೋಯಿತು. ಮುಂದಿನ ಬೇಸಿಗೆಯಲ್ಲಿ ದೇವೇಂದ್ರಪ್ಪ ತಾನೇ ವಿಮಾನವನ್ನು ಚಾಪೆಯಲ್ಲಿ ಸುತ್ತಿಕೊಂಡು ಬಸ್ಸಿನ ಮೇಲೆ ಹಾಕಿ ಕುಷ್ಟಗಿಗೆ ತಂದ. ಊರಾಚೆಯ ಬೀಳು ಭೂಮಿಯಲ್ಲಿ ಅದಕ್ಕೆ ಎಂಜಿನ್ ಕೂಡಿಸಿದರು. ಹಸನಬೀ ಕೂಡ ಕೋಲು ಊರಿಕೊಂಡು ಬಂದಿದ್ದಳು. ವಿಮಾನ ಕೂಗುತ್ತ ಮೇಲೇರಿ ಒಂದು ಹದ್ದಿನಷ್ಟಾಯಿತು. ಇಪ್ಪತ್ತೈದನೆಯ ಸೆಕೆಂಡಿಗೆ ಸಪ್ಪಳ ನಿಂತಾಗ ನೆರೆದ ಜನ, ಬಿತ್ತು ಬಿತ್ತು ಎಂದು ಕೂಗಿದರು. ಅದು ಬೀಳಲಿಲ್ಲ. ದೊಡ್ಡ ದೊಡ್ಡ ಸುತ್ತು ಹಾಕುತ್ತ, ಯಾವ ಅವಸರವೂ ಇಲ್ಲದೆ ಇಳಿದು, ಜಾಲಿಗಿಡದ ಪಕ್ಕ ಹೊಟ್ಟೆಯ ಮೇಲೆ ಕೂತಿತು. ಹಸನಬೀ, "ಸುಬಾನಲ್ಲಾ" ಎಂದು ಮೂರು ಸಲ ಹೇಳಿದಳು.

ಊಟಕ್ಕೆ ಕೂತಾಗ ದೇವೇಂದ್ರಪ್ಪ ಹೊಸ ಸುದ್ದಿ ಹೇಳಿದ. ಅಮೆರಿಕದಲ್ಲಿ ಈಗ ಇನ್ನೊಂದು ಥರದ ಪ್ಲಗ್ಗು ಬಂದಿದೆಯಂತೆ. ಒಳಗೊಂದು ಸಣ್ಣ ತಂತಿಯ ಸುರುಳಿ, ಒಮ್ಮೆ ಕೆಂಪಗೆ ಕಾಯಿಸಿದರೆ ಎಂಜಿನ್ನಿನ ಬಿಸಿಗೇ ಕೆಂಪಗಿರುತ್ತದೆ. ಕಿಡಿ ಬೇಡ, ಕಾಯಿಲ್ ಬೇಡ, ಕಂಡೆನ್ಸರ್ ಬೇಡ, ಹಾರುವಾಗ ಸೆಲ್ಲೂ ಬೇಡ. "ಮುಂದಿನ ಸಲ ಅದನ್ನ ತರಸ್ತೀನಿ" ಎಂದ.

ಬಾಬಾಸಾಬ ಹೆಂಡತಿಯ ಕಡೆ ಕಳ್ಳನೋಟ ಹಾಕಿದ. ಅವಳಿಗೆ ನೋವಾಯಿತೇನೋ ಎಂಬ ಅಳುಕು ಅವನಿಗೆ.

"ಛಲೋ ಆತ್ ಬಿಡ್ರಿ ಅಣ್ಣಾರ" ಎಂದು ಮಾಶಾಬಿ ದೇವೇಂದ್ರಪ್ಪನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು. "ಐದು ತೊಲಿದು ಸುತ್ತಿ ಸುತ್ತಿ ನನ್ನ ಕಣ್ಣು ಹೋಗಿದ್ವು. ಬಸ್ಸಿನವು ಸಾಕು ನನಗ."

ಬಸ್ಸಿನವು ಬರುತ್ತಲೇ ಇದ್ದವು. ನಾಕಾದ ಕಥೆಯನ್ನು ಅಂದಪ್ಪ ತಾನು ಹೋದ ಊರಿಗೆಲ್ಲ ಹಂಚಿದ್ದ. ಡ್ರೈವರುಗಳು ಈಗ ಸುಟ್ಟ ಕಾಯಿಲ್ ಹಿಡಿದು ಅಂಗಡಿಯ ಮುಂದೆ ನಿಂತರೆ ಬಾಬಾಸಾಬನಿಗೆ ಸಲಾಮು ಹೇಳಿ, "ಅಕ್ಕಾರು ಮನ್ಯಾಗ ಅದಾರೇನ್ರಿ?" ಎಂದು ಕೇಳುತ್ತಿದ್ದರು.